ಮೂಳೆ ಮುರಿದಾಗ ಮೊದಲು ಬೆರಳು ನೋಡಿ

ಕೈಯೋ ಕಾಲೋ ಮುರೀತು ಅಂದ್ರೆ ಎಲ್ಲರ ಕಣ್ಣೂ ಸೊಟ್ಟಗಾದ ಜಾಗದ ಮೇಲೇ ಇರುತ್ತೆ, ನೀವು ಮಾತ್ರ ಅದರ ಕೆಳಗೆ ಬೆರಳುಗಳನ್ನ ನೋಡಿ. ಮೂಳೆ ನಾಳೆ ಕೂಡಿಸಿದ್ರೂ ಕೂಡುತ್ತೆ, ಆದ್ರೆ ರಕ್ತನಾಳ ಹರಿದೋ ಒತ್ತಿ ಹೋಗಿಯೋ ರಕ್ತ ನಿಂತುಬಿಟ್ರೆ ಸುಮಾರು 6 ಗಂಟೆ ಒಳಗೆ ಮತ್ತೆ ಹರೀಬೇಕು, ತಡ ಆದಷ್ಟೂ ಮಾಂಸಖಂಡ, ನರ ಎಲ್ಲಾ ಸಾಯ್ತಾ ಹೋಗಿ ಕೊನೆಗೆ ಕಾಲೇ ತೆಗೀಬೇಕಾಗ್ಬಹುದು.

ಏಟು ಬಿದ್ದಿರೋ ಕಡೆ, ಚೆನ್ನಾಗಿರೋ ಕಡೆ ಎರಡನ್ನೂ ಮುಟ್ಟಿ ನೋಡಿ, ಒಂದು ತಣ್ಣಗಿದ್ಯಾ, ಬಿಳಿಚಿಕೊಂಡಿದ್ಯಾ, ಜೋಮು ಹಿಡಿದಿದ್ಯಾ, ಬೆರಳು ಆಡಿಸೋಕೆ ಆಗ್ತಿದ್ಯಾ ಅಂತ. ಉಗುರನ್ನ ಬೆಳ್ಳಗಾಗೋವರೆಗೂ ಒತ್ತಿ ಬಿಡಿ, 2 ಸೆಕೆಂಡಲ್ಲಿ ಕೆಂಪಗಾಗ್ಬೇಕು. ಕೈ ಆದ್ರೆ ಮಣಿಕಟ್ಟಲ್ಲಿ ಹೆಬ್ಬೆರಳ ಕಡೆ ನಾಡಿ ಹಿಡೀರಿ, ಕಾಲಾದ್ರೆ ಪಾದದ ಮೇಲೆ ಅಥವಾ ಹರಡಿನ (ಪಾದದ ಕೀಲಿನ) ಒಳಗಡೆ ಉಬ್ಬಿರೋ ಮೂಳೆಯ ಹಿಂದೆ. ನಾಡಿ ಸಿಕ್ತು ಅಂತ ಸುಮ್ನಾಗ್ಬೇಡಿ, ನಾಳದ ಒಳಪದರ ಹರಿದಿದ್ರೆ ನಿಧಾನಕ್ಕೆ ಹೆಪ್ಪುಗಟ್ಟಿ ಆಮೇಲೆ ಮುಚ್ಚಿಕೊಳ್ಳಬಹುದು, ಅದಕ್ಕೇ ಆಸ್ಪತ್ರೆ ತಲುಪೋವರೆಗೂ ಆಗಾಗ ನೋಡ್ತಾನೇ ಇರಿ.

ರಕ್ತ ಚಿಮ್ಮುತ್ತಿದ್ರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀರಿ. ಆಗಲೂ ನಿಲ್ಲದಿದ್ರೆ ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲಿನ ಮೇಲಲ್ಲ, ಅಗಲವಾದ ಪಟ್ಟಿಯಿಂದ ಟೂರ್ನಿಕೆ (ರಕ್ತ ನಿಲ್ಲಿಸೋ ಬಿಗಿ ಕಟ್ಟು) ಬಿಗಿದು ಟೈಮ್ ಬರೆದಿಡಿ, ದಾರೀಲಿ ಸಡಿಲ ಮಾಡ್ಬೇಡಿ.

ಆಮೇಲೆ ಸ್ಪ್ಲಿಂಟ್, ಅಂದ್ರೆ ಮುರಿದ ಭಾಗ ಅಲುಗದಂಗೆ ಪಕ್ಕಕ್ಕೆ ಕೊಟ್ಟು ಕಟ್ಟೋ ಹಲಗೆಯಂಥ ಆಸರೆ. ಹೇಗಿದ್ಯೋ ಹಾಗೇ, ಮುರಿದ ಜಾಗದ ಮೇಲಿನ ಕೀಲು ಕೆಳಗಿನ ಕೀಲು ಎರಡೂ ಅಲುಗದಂಗೆ ಕಟ್ಟಿ, ಬೆರಳ ತುದಿ ಕಾಣೋ ಹಾಗೆ ಬಿಡಿ. ಎಳೆಯೋದು, ತಿರುಚೋದು, ಉಜ್ಜೋದು, ಬಿಗಿಯಾಗಿ ಪಟ್ಟು ಹಾಕೋದು ಯಾವುದೂ ಬೇಡ ದಯವಿಟ್ಟು. ಕಾಲು ತಣ್ಣಗಾಗಿದ್ರೆ ಎತ್ತರಕ್ಕೆ ಇಡ್ಬೇಡಿ, ಐಸೂ ಇಡ್ಬೇಡಿ. ಆಪರೇಷನ್ ಆಗ್ಬಹುದು, ಹಾಗಾಗಿ ತಿನ್ನೋಕೆ ಕುಡಿಯೋಕೆ ಏನೂ ಕೊಡ್ಬೇಡಿ.

ನನಗೆ ಎಲ್ಲಕ್ಕಿಂತ ಭಯ ಮಂಡಿದು. ಮಂಡಿ ಹಿಂದಿನ ರಕ್ತನಾಳ ಮೇಲೂ ಕೆಳಗೂ ಬಿಗಿಯಾಗಿ ಹಿಡಿದುಕೊಂಡಿರುತ್ತೆ, ಕೀಲು ತಪ್ಪಿದಾಗ ಅದು ಜಗ್ಗಿ ಕಿತ್ತುಹೋಗ್ಬಹುದು, ಎಷ್ಟೋ ಸಲ ಮಂಡಿ ತಾನಾಗೇ ವಾಪಸ್ ಕೂತ್ಕೊಂಡು ನೋಡೋಕೆ ಬರೀ ಊತ ಅನ್ಸುತ್ತೆ. ಮಕ್ಕಳು ಕೈ ಊರಿ ಬಿದ್ದು ಮೊಣಕೈ ಮೇಲೆ ಮುರಿದಾಗಲೂ ಇದೇ ಅಪಾಯ.

ಆಸ್ಪತ್ರೆಗೆ ಹೋದ ತಕ್ಷಣ "ಬೆರಳು ತಣ್ಣಗಿದೆ, ನಾಡಿ ಸಿಗ್ತಿಲ್ಲ" ಅಂತ ಮೊದಲು ಇದನ್ನೇ ಹೇಳಿ, ವ್ಯಾಸ್ಕುಲರ್ ಸರ್ಜನ್ (ರಕ್ತನಾಳದ ಆಪರೇಷನ್ ಮಾಡೋ ಡಾಕ್ಟರು) ಇದಾರಾ ಕೇಳಿ. ಅವರು ನೋವಿಗೆ ಔಷಧಿ ಕೊಟ್ಟು ಮೂಳೆ ನೆಟ್ಟಗೆ ಮಾಡಿ ಮತ್ತೆ ನಾಡಿ ನೋಡ್ತಾರೆ, ಕೆಲವು ಸಲ ಅಷ್ಟಕ್ಕೇ ರಕ್ತ ಹರಿಯೋಕೆ ಶುರುವಾಗುತ್ತೆ. ಕಾಲಿನ ಬಗ್ಗೆ ಡೌಟ್ ಇದ್ರೆ ಹರಡಿನ ಬಿಪಿಯನ್ನ ತೋಳಿನ ಬಿಪಿಯಿಂದ ಭಾಗಿಸಿ ನೋಡ್ತಾರೆ, 0.9ಕ್ಕಿಂತ ಕಡಿಮೆ ಬಂದ್ರೆ ಸಿಟಿ ಆಂಜಿಯೋ, ಅಂದ್ರೆ ರಕ್ತನಾಳಗಳ ಸ್ಕ್ಯಾನ್. ನಾಳ ಪೂರ್ತಿ ಕೆಟ್ಟಿದ್ರೆ ಇನ್ನೊಂದು ಕಾಲಿಂದ ರಕ್ತನಾಳ ತೆಗೆದು ಜೋಡಿಸ್ತಾರೆ, ಮೂಳೆಗೆ ಹೊರಗಿಂದ ರಾಡ್ ಹಾಕ್ತಾರೆ. ಚರ್ಮ ಉದ್ದಕ್ಕೆ ಸೀಳಿ ತೆರೆದೇ ಬಿಟ್ಟಿದ್ರೆ ಗಾಬರಿ ಆಗ್ಬೇಡಿ, ರಕ್ತ ವಾಪಸ್ ಬಂದಾಗ ಮಾಂಸಖಂಡ ಊದುತ್ತೆ, ಅದಕ್ಕೆ ಜಾಗ ಮಾಡಿಕೊಡೋದು ಅದು.

ಆಪರೇಷನ್ ಆದ್ಮೇಲೂ, ಪ್ಲಾಸ್ಟರ್ ಹಾಕಿದ್ಮೇಲೂ ನೋವು ಮಾತ್ರೆಗೆ ಬಗ್ಗದೆ ಏರ್ತಾ ಇದ್ರೆ, ಬೆರಳನ್ನ ಮೆಲ್ಲಗೆ ಚಾಚಿದ್ರೂ ಕಿರುಚೋ ಹಾಗಾದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗಲೇ ಡಾಕ್ಟರನ್ನ ಕರೆಸಿ.