ಕಲೆಯಲ್ಲಿ ಮುಂದಿನ ವರ್ಷದ ಗುರಿಗಳನ್ನು ನಿಶ್ಚಯಿಸಿಕೊಳ್ಳುವುದು ಹೇಗೆ?

ಮುಂದಿನ ವರ್ಷದ ಗುರಿಯನ್ನು ಬರೆಯಲು ಕೂರುವ ಮೊದಲು ಕಳೆದ ವರ್ಷದ ಕೆಲಸವನ್ನೆಲ್ಲ ಒಂದೆಡೆ ಹರವಿಕೊಂಡು ನೋಡಬೇಕು. ಮುಗಿದ ಚಿತ್ರಗಳಷ್ಟೇ ಅಲ್ಲದೆ ಅರ್ಧಕ್ಕೆ ನಿಂತ ರೇಖಾಚಿತ್ರಗಳು, ಅಭ್ಯಾಸದ ಧ್ವನಿಮುದ್ರಣಗಳು, ಕೈಬಿಟ್ಟ ಕರಡುಗಳು ಎಲ್ಲವೂ ಅಲ್ಲಿರಲಿ. ನೆನಪನ್ನಷ್ಟೇ ನೆಚ್ಚಿಕೊಂಡರೆ ಹೊಗಳಿಕೆ ಪಡೆದ ಕೃತಿಗಳು ಮಾತ್ರ ಎದುರಿಗೆ ಬರುತ್ತವೆ. ಚಿತ್ರಕಾರ ಪೌಲ್ ಕ್ಲೇ 1911ರಲ್ಲಿ ತಮ್ಮ ಕೃತಿಗಳನ್ನು ದಾಖಲಿಸುವ ಪಟ್ಟಿಯೊಂದನ್ನು ಆರಂಭಿಸಿದಾಗ ಬಾಲ್ಯದಲ್ಲಿ ಬರೆದ ಕೆಲವು ಚಿತ್ರಗಳಿಗೂ ಅದರಲ್ಲಿ ಜಾಗ ಕೊಟ್ಟಿದ್ದರು. ಅಂಥದೊಂದು ಪಟ್ಟಿ ಇಲ್ಲದಿದ್ದರೆ ಈಗಲೇ ಬರೆಯತೊಡಗಬಹುದು.

ಎರಡನೆಯ ಹಂತದಲ್ಲಿ, ಹರವಿದ ಕೆಲಸದಲ್ಲಿ ಮತ್ತೆ ಮತ್ತೆ ಕಾಣುವುದೇನು ಎಂಬುದನ್ನು ಗುರುತಿಸಬೇಕು. ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದರ ಹಿಂದೊಂದು ಭಾವಚಿತ್ರದಲ್ಲಿ ವ್ಯಕ್ತಿಯ ಕೈಗಳು ಬೆನ್ನ ಹಿಂದೆಯೋ ಬಟ್ಟೆಯ ನೆರಿಗೆಯೊಳಗೋ ಮರೆಯಾಗಿದ್ದರೆ, ಬೆರಳುಗಳ ರಚನೆ ಇನ್ನೂ ಪಳಗಿಲ್ಲವೆಂದು ಊಹಿಸಬಹುದು. ಆಗ ‘ಚಿತ್ರಕಲೆಯಲ್ಲಿ ಮುಂದುವರಿಯುತ್ತೇನೆ’ ಎಂಬ ಮಸುಕಾದ ಸಂಕಲ್ಪದ ಬದಲು, ‘ಎರಡೂ ಕೈಗಳು ಯಾವುದಾದರೂ ಕೆಲಸದಲ್ಲಿ ತೊಡಗಿರುವ ಆರು ಭಾವಚಿತ್ರಗಳನ್ನು ಮುಗಿಸುತ್ತೇನೆ’ ಎಂದು ಬರೆಯಲು ಸಾಧ್ಯವಾಗುತ್ತದೆ. ಗಾಯಕರಿಗೆ ವೇಗ ಹೆಚ್ಚಿದೊಡನೆ ಜಾರುವ ಶ್ರುತಿ, ಕತೆಗಾರರಿಗೆ ಅವಸರದಲ್ಲಿ ಮುಗಿಯುವ ಕೊನೆಯ ಪುಟಗಳು ಇದೇ ಬಗೆಯ ಸೂಚನೆಗಳು.

ಬಳಿಕ, ನಮ್ಮ ಕೈಯಲ್ಲಿರುವುದನ್ನೂ ಇಲ್ಲದಿರುವುದನ್ನೂ ಬೇರ್ಪಡಿಸಬೇಕು. ಪ್ರಶಸ್ತಿ ಬರುವುದು, ಪ್ರದರ್ಶನಕ್ಕೆ ಆಯ್ಕೆಯಾಗುವುದು ಇತರರ ತೀರ್ಮಾನ. ಕೃತಿಯನ್ನು ಸಿದ್ಧಪಡಿಸಿ ಗಡುವಿನೊಳಗೆ ಕಳುಹಿಸುವುದು ಮಾತ್ರ ನಮ್ಮದು. ಗುರಿ ಈ ಎರಡನೆಯದಕ್ಕೆ ಸಂಬಂಧಿಸಿರಲಿ.

ಗುರಿಗಳ ಸಂಖ್ಯೆ ಒಂದೆರಡನ್ನು ಮೀರದಿರುವುದು ಒಳ್ಳೆಯದು. ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1890–91ರಲ್ಲಿ ಹೊಲದ ಬಣವೆಗಳನ್ನೇ ಬೇರೆ ಬೇರೆ ಬೆಳಕಿನಲ್ಲಿ, ಬೇರೆ ಬೇರೆ ಹವೆಯಲ್ಲಿ ಮತ್ತೆ ಮತ್ತೆ ಚಿತ್ರಿಸಿದರು. ವಸ್ತು ಒಂದೇ ಆಗಿದ್ದುದರಿಂದಲೇ ಬೆಳಕು ಬದಲಾದಂತೆ ಬಣ್ಣ ಬದಲಾಗುವ ಪರಿಯನ್ನು ಅವರು ಅಷ್ಟು ಸೂಕ್ಷ್ಮವಾಗಿ ಹಿಡಿಯಲು ಸಾಧ್ಯವಾಯಿತೆಂದು ನನಗನ್ನಿಸುತ್ತದೆ.

ಇನ್ನು ಗುರಿಯನ್ನು ದಿನಚರಿಗೆ ಇಳಿಸುವ ಕೆಲಸ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರ ಲೇಖನವೊಂದರಲ್ಲಿ, ‘ಇಂಥ ಸಂದರ್ಭ ಬಂದರೆ ಇಂಥದನ್ನು ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚಾಗಿ ಅದನ್ನು ಈಡೇರಿಸುತ್ತಾರೆಂದು ವಿವರಿಸಿದ್ದಾರೆ. ಆದ್ದರಿಂದ ‘ವಾರಕ್ಕೆ ಮೂರು ಸಲ ಅಭ್ಯಾಸ’ ಎನ್ನುವುದಕ್ಕಿಂತ, ‘ಮಂಗಳವಾರ ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ವಾದ್ಯದ ಶ್ರುತಿ ಮಾಡಿಕೊಳ್ಳುತ್ತೇನೆ’ ಎಂದು ಬರೆಯುವುದು ಮೇಲು. ಅನಾರೋಗ್ಯಕ್ಕೂ ಮನೆಯ ಜವಾಬ್ದಾರಿಗಳಿಗೂ ಕೆಲವು ವಾರಗಳನ್ನು ಖಾಲಿ ಬಿಟ್ಟಿರಬೇಕು.

ಕೊನೆಯದಾಗಿ, ಮೂರು ತಿಂಗಳಿಗೊಮ್ಮೆ ಪರಿಶೀಲನೆಯ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಗುರಿ ಬದಲಿಸುವ ಮನಸ್ಸಾದರೆ ಆ ದಿನದವರೆಗೆ ಕಾಯುವುದು ಒಳಿತು, ಏಕೆಂದರೆ ಕೆಲಸ ಕೆಟ್ಟ ಸಂಜೆಯ ಬೇಸರದಲ್ಲಿ ಕೈಗೊಂಡ ನಿರ್ಧಾರಕ್ಕಿಂತ ಮೂರು ತಿಂಗಳ ಕೆಲಸವನ್ನು ಎದುರಿಗಿಟ್ಟುಕೊಂಡು ಕೈಗೊಂಡ ನಿರ್ಧಾರವೇ ಹೆಚ್ಚು ನ್ಯಾಯವಾಗಿರುತ್ತದೆ.