ಪಿಕಪ್ ಮೇಲೆ ಮನೆ ಹೊತ್ತು ದೂರ ಹೊರಡುವ ಮುನ್ನ ಒಮ್ಮೆ ತೂಗಿಸಿ

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ‘ಕ್ಯಾಂಪರ್’ ಅಂದರೆ ನೆನಪಾಗುವುದು ತೋಟಕ್ಕೆ ಕೆಲಸದವರನ್ನು ಕರೆದೊಯ್ಯುವ ಬೊಲೆರೊ ಕ್ಯಾಂಪರ್. ಈ ಲೇಖನ ಅದರ ಬಗ್ಗೆ ಅಲ್ಲ. ಪಿಕಪ್‌ನ ಲೋಡ್ ಬಾಡಿಯ ಮೇಲೆ ಕೂರಿಸಿ, ಬೇಡವಾದಾಗ ಇಳಿಸಿಡಬಹುದಾದ ಪುಟ್ಟ ಕೋಣೆ ಬರುತ್ತದಲ್ಲ, ಅದರ ಬಗ್ಗೆ. ಒಳಗೆ ಮಲಗಲು ಜಾಗ, ಒಂದು ಒಲೆ, ನೀರಿನ ಟ್ಯಾಂಕ್, ಪುಟ್ಟ ಫ್ರಿಜ್. ಹೋಟೆಲ್ ಹುಡುಕುವ ಗೋಜಿಲ್ಲ.

ನಾವು ನಾಲ್ಕು ಜನ ಹೀಗೆ ಹಾಸನದಿಂದ ಗುಜರಾತಿನ ಕಛ್‌ಗೆ ಹೋಗಿ ಬಂದೆವು. ಒಂದು ದಿಕ್ಕಿಗೇ 1,700 ಕಿ.ಮೀ. ದಾಟುತ್ತದೆ. ಹೋಗುವ ಮುಂಚೆ ತಿಂಗಳುಗಟ್ಟಲೆ ತಯಾರಿ ಮಾಡಿದ್ದೆವು. ಅದರಲ್ಲಿ ಎಲ್ಲಕ್ಕಿಂತ ಉಪಕಾರಕ್ಕೆ ಬಂದದ್ದು ಯಾವುದು ಅಂತ ಕೇಳಿದರೆ, ವೇಬ್ರಿಡ್ಜ್‌ನಲ್ಲಿ ಸಿಕ್ಕಿದ ತೂಕದ ಚೀಟಿ ಅಂತ ಹೇಳುತ್ತೇನೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಕಾಗದದ ಮೇಲೆ ಲೆಕ್ಕ

ಪ್ರತಿ ಗಾಡಿಗೂ ಕಂಪನಿ ಒಂದು ಮಿತಿ ಹಾಕಿರುತ್ತದೆ. ಗಾಡಿ, ಡೀಸೆಲ್, ಜನ, ಸಾಮಾನು ಎಲ್ಲ ಸೇರಿ ಇಷ್ಟೇ ತೂಗಬೇಕು ಅಂತ. ಇದಕ್ಕೆ ಜಿವಿಡಬ್ಲ್ಯು ಅನ್ನುತ್ತಾರೆ. ಗಾಡಿಯ ಪ್ಲೇಟಿನಲ್ಲಿ ಅಥವಾ ಮ್ಯಾನ್ಯುಯಲ್‌ನಲ್ಲಿ ನೋಡಿ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನಿಮ್ಮ ಪಾಲು.

ನಮ್ಮ ಡಬಲ್ ಕ್ಯಾಬ್ ಪಿಕಪ್‌ನ ಮಿತಿ 2,900 ಕೆ.ಜಿ. ಟ್ಯಾಂಕ್ ತುಂಬ ಡೀಸೆಲ್ ಹಾಕಿಸಿ ತೂಗಿಸಿದಾಗ ಖಾಲಿ ಗಾಡಿ 1,950 ಬಂತು. ಅಂದರೆ ಹೊರಲು ಉಳಿದದ್ದು 950. ಸಾಕಷ್ಟಾಯಿತು ಅನಿಸಿತ್ತು. ಆಮೇಲೆ ಒಂದೊಂದೇ ಬರೆಯುತ್ತಾ ಹೋದೆವು. ಕ್ಯಾಂಪರ್ ಕೋಣೆ 420. ನಾವು ನಾಲ್ಕು ಜನ 240. ನೀರು 80 ಲೀಟರ್, ಅಂದರೆ 80 ಕೆ.ಜಿ. ಬ್ಯಾಟರಿ, ಸೋಲಾರ್ ಪ್ಯಾನೆಲ್, ಫ್ರಿಜ್ ಸೇರಿ 65. ಅಡುಗೆ ಸಾಮಾನು, ಪಾತ್ರೆ 50. ಬಟ್ಟೆ, ಹಾಸಿಗೆ 45. ಜಾಕ್, ಸ್ಪ್ಯಾನರ್, ಹಗ್ಗ ಅಂತ 30. ಒಟ್ಟು 930. ಉಳಿದದ್ದು ಬರೀ 20 ಕೆ.ಜಿ. ಪುಣೆಯಲ್ಲಿರುವ ನೆಂಟರಿಗೆ ಕೊಡೋಣ ಅಂತ ಕಟ್ಟಿಟ್ಟಿದ್ದ ಕಾಫಿಪುಡಿ, ಮೆಣಸು, ಜೇನು ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ.

ಮಿತಿಯ ಅಂಚಿನಲ್ಲಿ ಓಡಿಸಬೇಡಿ. ಸುಮಾರು ನೂರು ಕೆ.ಜಿ. ಬಿಡುವು ಇರಲಿ. ನಾವು ನೀರನ್ನು 40 ಲೀಟರ್‌ಗೆ ಇಳಿಸಿದೆವು. ದಾರಿಯುದ್ದಕ್ಕೂ ತುಂಬಿಸಿಕೊಳ್ಳಬಹುದು, ಅಷ್ಟನ್ನು ಹೊತ್ತು ತಿರುಗುವ ಅಗತ್ಯವೇ ಇಲ್ಲ. ಕಬ್ಬಿಣದ ಕಾವಲಿ, ಎರಡನೇ ಒಲೆ, ಮಡಚುವ ಮೇಜು, ಒಂದಷ್ಟು ಬಟ್ಟೆ ಮನೆಯಲ್ಲೇ ಉಳಿದವು. ಅದರಿಂದ ಇನ್ನೊಂದು 40 ಕೆ.ಜಿ. ಇಳಿಯಿತು.

ವೇಬ್ರಿಡ್ಜ್‌ನಲ್ಲಿ ಮೂರು ಚೀಟಿ

ಕಾಗದದ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಗಾಡಿಯನ್ನೇ ತೂಗಿಸಬೇಕು. ನಮ್ಮೂರಲ್ಲಿ ಇದಕ್ಕೆ ತೊಂದರೆಯಿಲ್ಲ, ಆಲೂಗಡ್ಡೆ, ಜೋಳ, ಕಾಫಿ ತೂಗುವ ವೇಬ್ರಿಡ್ಜ್‌ಗಳು ಬೇಕಾದಷ್ಟಿವೆ. ಆಲೂಗಡ್ಡೆ ಸೀಸನ್‌ನಲ್ಲಿ ಮಾತ್ರ ಲಾರಿಗಳ ಸಾಲು ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ.

ಬರೀ ಒಟ್ಟು ತೂಕ ತೆಗೆದುಕೊಂಡು ಬಂದುಬಿಡಬೇಡಿ. ಮೂರು ಸಲ ತೂಗಿಸಿ. ಮುಂದಿನ ಗಾಲಿ ಮಾತ್ರ ತಕ್ಕಡಿ ಮೇಲೆ ನಿಲ್ಲಿಸಿ ಒಂದು, ಪೂರ್ತಿ ಗಾಡಿ ಒಂದು, ಹಿಂದಿನ ಗಾಲಿ ಮಾತ್ರ ಒಂದು. ಕ್ಯಾಂಪರ್ ಇಲ್ಲದೆ ಒಂದು ದಿನ, ತುಂಬಿದ ಕ್ಯಾಂಪರ್ ಹೊತ್ತು ಇನ್ನೊಂದು ದಿನ ಇದನ್ನು ಮಾಡಿ.

ಯಾಕೆ ಅಂತ ನಮ್ಮ ಚೀಟಿಗಳೇ ಹೇಳುತ್ತವೆ. ಖಾಲಿ ಇದ್ದಾಗ ಮುಂದಿನ ಗಾಲಿಗಳ ಮೇಲೆ 1,120 ಕೆ.ಜಿ. ಇತ್ತು. ಕ್ಯಾಂಪರ್ ಹೊತ್ತು ಬಂದಾಗ ಅದು 1,070ಕ್ಕೆ ಇಳಿದಿತ್ತು. ತಪ್ಪು ತೂಗಿರಬೇಕು ಅಂದುಕೊಂಡು “ಅಣ್ಣಾ, ಇನ್ನೊಂದ್ಸಲ ನೋಡಿ” ಅಂದೆ. “ತಪ್ಪಿಲ್ಲ ಸಾರ್, ನಿಮ್ ಲೋಡು ಹಿಂದಕ್ಕೆ ಕೂತಿದೆ” ಅಂದರು ಅಲ್ಲಿದ್ದವರು. ಅವರು ಹೇಳಿದ್ದೇ ಸರಿ. ನೀರಿನ ಟ್ಯಾಂಕ್, ಬ್ಯಾಟರಿ, ಫ್ರಿಜ್ ಮೂರನ್ನೂ ನಾವು ಹಿಂದಿನ ಬಾಗಿಲ ಪಕ್ಕದಲ್ಲೇ ಇಟ್ಟಿದ್ದೆವು, ಕೈಗೆ ಸಿಗಲಿ ಅಂತ.

ಭಾರದ ನಡುಮಧ್ಯ ಹಿಂದಿನ ಆಕ್ಸಲ್‌ಗಿಂತ ಹಿಂದೆ ಹೋದರೆ, ತಕ್ಕಡಿಯ ಕೋಲಿನ ಹಾಗೆ ಗಾಡಿಯ ಮೂತಿ ಮೇಲೇಳುತ್ತದೆ. ಮುಂದಿನ ಗಾಲಿಗೆ ಹಿಡಿತ ಕಮ್ಮಿ. ಸ್ಟೇರಿಂಗ್ ಹಗುರ ಆಗುತ್ತದೆ, ಮಳೆಯಲ್ಲಿ ಬ್ರೇಕ್ ಒತ್ತಿದರೆ ಮುಂದಿನ ಗಾಲಿ ಜಾರುತ್ತದೆ. ಟ್ಯಾಂಕು, ಬ್ಯಾಟರಿ, ಫ್ರಿಜ್‌ಗಳನ್ನು ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿ, ನೆಲಕ್ಕೆ ಹತ್ತಿರ ಕೂರಿಸಿದೆವು. ಮತ್ತೆ ತೂಗಿಸಿದರೆ ಮುಂದೆ 1,150. ಒಂದು ಕೆ.ಜಿ.ಯೂ ಇಳಿಸದೆ, ಸುಮ್ನೆ ಜಾಗ ಬದಲಾಯಿಸಿದ್ದಕ್ಕೆ ಗಾಡಿಯ ನಡೆಯೇ ಬೇರೆಯಾಯಿತು.

ನೆನಪಿಡಿ: ಲೋಡ್ ಹಾಕಿದ ಮೇಲೆ ಮುಂದಿನ ತೂಕ ಸ್ವಲ್ಪವಾದರೂ ಹೆಚ್ಚಬೇಕು. ಇಳಿದರೆ ಸಾಮಾನು ಮುಂದಕ್ಕೆ ಸರಿಸಿ. ಭಾರದ್ದೆಲ್ಲ ಕೆಳಗೆ, ಮೇಲಿನ ಕಪಾಟಿನಲ್ಲಿ ಬಟ್ಟೆ, ಬ್ರೆಡ್ಡಿನಂಥ ಹಗುರದ್ದು.

ಟಯರ್, ಬ್ರೇಕ್, ಜಾಕ್

ಟಯರ್ ಪಕ್ಕದಲ್ಲಿ ಅಳತೆಯ ಜೊತೆಗೆ ಒಂದು ಸಂಖ್ಯೆ ಇರುತ್ತದೆ, ಅದು ಲೋಡ್ ಇಂಡೆಕ್ಸ್. 112 ಅಂತ ಇದ್ದರೆ ಆ ಟಯರ್ ಹೊರುವುದು 1,120 ಕೆ.ಜಿ. ಹಿಂದಿನ ಎರಡೂ ಸೇರಿ 2,240. ಇದನ್ನು ಹಿಂದಿನ ಗಾಲಿಯ ಚೀಟಿಯ ಜೊತೆ ಹೋಲಿಸಿ. ಅಲ್ಲೇ ನಾಲ್ಕು ಅಂಕಿಯ ಇನ್ನೊಂದು ಗುರುತು ಇದೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಮೇಲಿನ ಅಚ್ಚು ಇನ್ನೂ ಸವೆದಿಲ್ಲ ಅಂತ ಆರೇಳು ವರ್ಷದ ಟಯರನ್ನು ಇಂಥ ಭಾರಕ್ಕೆ ನಂಬಬೇಡಿ, ರಬ್ಬರ್ ಗಡುಸಾಗಿರುತ್ತದೆ. ಸ್ಟೆಪ್ನಿಯದ್ದೂ ನೋಡಿ. ಗಾಳಿಯನ್ನು ಬೆಳಿಗ್ಗೆ ಟಯರ್ ತಣ್ಣಗಿರುವಾಗ, ತುಂಬಿದ ಲೋಡಿಗೆ ಕಂಪನಿ ಹೇಳಿದಷ್ಟು ಹಾಕಿಸಿ. ಗಾಳಿ ಕಮ್ಮಿ ಇದ್ದ ಟಯರ್ ಹೆದ್ದಾರಿಯಲ್ಲಿ ಬಿಸಿಯಾಗಿ ಒಡೆಯುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಎರಡು ವರ್ಷ ಆಗಿದ್ದರೆ ಬದಲಾಯಿಸಿ. ಘಾಟಿಯಲ್ಲಿ ಬ್ರೇಕ್ ಬಿಸಿಯಾದಾಗ ಆ ತೇವ ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಪರೀಕ್ಷೆಗೆ ನಮ್ಮ ಮನೆ ಬಾಗಿಲಲ್ಲೇ ಶಿರಾಡಿ ಇದೆ. ತುಂಬಿದ ಗಾಡಿಯಲ್ಲಿ ಸಕಲೇಶಪುರ ದಾಟಿ ಗುಂಡ್ಯದವರೆಗೆ ಇಳಿದು, ವಾಪಸ್ ಹತ್ತಿ. ಚಿಕ್ಕಮಗಳೂರಿನವರಿಗೆ ಚಾರ್ಮಾಡಿ ಹತ್ತಿರ, ಆದರೆ ಅಲ್ಲಿಯ ತಿರುವುಗಳು ಬಿಗಿ, ಮೊದಲ ಸಲ ಕ್ಯಾಂಪರ್ ಹೊತ್ತಾಗ ಬೇಡ. ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್. ಕೆಳಗೆ ಬಂದು ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ, ಮುಟ್ಟಬೇಡಿ. ಎಡಬಲದಲ್ಲಿ ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಳ್ಳುತ್ತಿದೆ.

ಜಾಕ್ ವಿಷಯ ಅನುಭವದಿಂದ ಹೇಳುತ್ತೇನೆ. ನಮ್ಮ ಮೊದಲ ಸಣ್ಣ ಪ್ರಯಾಣದಲ್ಲಿ ಬಾಣಾವರದ ಹತ್ತಿರ ಹಿಂದಿನ ಟಯರ್ ಪಂಚರ್ ಆಯಿತು. ಗಾಡಿಯ ಜೊತೆ ಬಂದ ಜಾಕ್ ಹಾಕಿದರೆ, ಅಷ್ಟು ಭಾರಕ್ಕೆ ಸ್ಪ್ರಿಂಗ್ ಕುಗ್ಗಿ ಕೂತಿತ್ತು, ಚಕ್ರ ನೆಲ ಬಿಡಲೇ ಇಲ್ಲ. ಮಕ್ಕಳು ಬಿಸಿಲಲ್ಲಿ. ಟ್ರ್ಯಾಕ್ಟರ್‌ನಲ್ಲಿ ಹೋಗುತ್ತಿದ್ದ ರೈತರೊಬ್ಬರು ತಾವೇ ನಿಲ್ಲಿಸಿ, ಹಲಗೆ ಮತ್ತು ದೊಡ್ಡ ಜಾಕ್ ತಂದುಕೊಟ್ಟರು. ಆ ಉಪಕಾರ ಮರೆಯುವಂಥದ್ದಲ್ಲ. ಈಗ ಹೈಡ್ರಾಲಿಕ್ ಬಾಟಲ್ ಜಾಕ್ ಮತ್ತು ಒಂದು ಅಡಿ ಅಗಲದ ಗಟ್ಟಿ ಹಲಗೆ ಯಾವಾಗಲೂ ಗಾಡಿಯಲ್ಲಿರುತ್ತವೆ. ನೀವೂ ಹೊರಡುವ ಮೊದಲು ಮನೆ ಅಂಗಳದಲ್ಲೇ, ಪೂರ್ತಿ ಲೋಡ್ ಇರುವಾಗ ಒಂದು ಹಿಂದಿನ ಚಕ್ರ ಬಿಚ್ಚಿ ಹಾಕಿ ನೋಡಿ. ಬಿಚ್ಚಿ ಹಾಕಿದ ಚಕ್ರದ ನಟ್‌ಗಳನ್ನು ನೂರು ಕಿ.ಮೀ. ಒಳಗೆ ಮತ್ತೊಮ್ಮೆ ಬಿಗಿ ಮಾಡಿ.

ಕಟ್ಟುವುದು, ಎತ್ತರ

ಕೋಣೆಯನ್ನು ಹಗ್ಗದಲ್ಲಿ ಕಟ್ಟಬೇಡಿ, ಹಗ್ಗ ಹಿಗ್ಗುತ್ತದೆ. ನಾಲ್ಕು ಮೂಲೆಗೂ ಟರ್ನ್‌ಬಕಲ್ (ತಿರುಗಿಸಿ ಬಿಗಿ ಮಾಡುವ ಕಬ್ಬಿಣದ ಕೊಂಡಿ) ಇರಲಿ, ಅದರ ಕೊಂಡಿ ಗಾಡಿಯ ಚಾಸಿಗೆ ಸೇರಿರಲಿ. ತೆಳು ತಗಡಿಗೆ ವೆಲ್ಡ್ ಮಾಡಿದ ಕೊಂಡಿ ಕಿತ್ತು ಬರುತ್ತದೆ. ಕೋಣೆಯ ಅಡಿಗೆ ರಬ್ಬರ್ ಮ್ಯಾಟ್ ಹಾಸಿದರೆ ಜಾರುವುದಿಲ್ಲ.

ನೆಲದಿಂದ ನೆತ್ತಿಯವರೆಗೆ, ಸೋಲಾರ್ ಪ್ಯಾನೆಲ್ ಸೇರಿಸಿ ಅಳೆದು, ಮೀಟರ್‌ನಲ್ಲಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿ. ರೈಲ್ವೆ ಅಂಡರ್‌ಪಾಸ್‌ನ ಬೋರ್ಡ್‌ಗಳು ಮೀಟರ್‌ನಲ್ಲೇ ಇರುತ್ತವೆ. ಬೋರ್ಡ್ ಇಲ್ಲದ ಕಡೆ ಒಬ್ಬರು ಇಳಿದು ನೋಡಲಿ. ತೋಟದ ರಸ್ತೆಯಲ್ಲಿ ಬಾಗಿದ ಸಿಲ್ವರ್ ಓಕ್ ಕೊಂಬೆಯೂ ಪ್ಯಾನೆಲ್ ಒಡೆಯಲು ಸಾಕು.

ಕರೆಂಟು, ಗ್ಯಾಸು

ದಿನದ ಖರ್ಚು ಬರೆದುಕೊಳ್ಳಿ. ನಮ್ಮದು ಹೀಗಿತ್ತು: 12 ವೋಲ್ಟ್ ಫ್ರಿಜ್‌ಗೆ 400 ವ್ಯಾಟ್-ಅವರ್, ರಾತ್ರಿಯಿಡೀ ಫ್ಯಾನ್‌ಗೆ 120, ದೀಪಕ್ಕೆ 60, ಫೋನ್‌ಗಳಿಗೆ 60. ಒಟ್ಟು 640. 100 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್-ಅವರ್ ಇರುತ್ತದೆ, ಬಿಸಿಲಿಲ್ಲದಿದ್ದರೂ ಹೆಚ್ಚುಕಮ್ಮಿ ಎರಡು ದಿನ ತಳ್ಳಬಹುದು. ಮನೆಯ ಇನ್ವರ್ಟರ್ ಬ್ಯಾಟರಿಯನ್ನೇ ಇಡೋಣ ಅಂತ ತುಂಬ ಜನ ಕೇಳುತ್ತಾರೆ. 150 ಎಎಚ್‌ನದು 50 ಕೆ.ಜಿ.ಗೂ ಮೇಲೆ ತೂಗುತ್ತದೆ, ಅರ್ಧಕ್ಕಿಂತ ಜಾಸ್ತಿ ಬಳಸಿದರೆ ಬೇಗ ಹಾಳಾಗುತ್ತದೆ. ಅದು ಚಾರ್ಜ್ ಆಗುವಾಗ ಹೊಮ್ಮುವ ಗ್ಯಾಸ್ ಮಲಗುವ ಕೋಣೆಯಲ್ಲಿ ಇರಬಾರದು. ಬ್ಯಾಟರಿ ಯಾವುದೇ ಇರಲಿ, ಅದರ ಪಕ್ಕದಲ್ಲೇ ಫ್ಯೂಸ್ ಹಾಕಿಸಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಆದ್ದರಿಂದ ಕಿಟಕಿ ಸಾಲದು, ನೆಲದ ಮಟ್ಟದಲ್ಲೂ ಗಾಳಿಕಿಂಡಿ ಬೇಕು. 5 ಕೆ.ಜಿ.ಯ ಸಣ್ಣ ಸಿಲಿಂಡರ್ ಸಾಕು. ನೆಟ್ಟಗೆ ನಿಲ್ಲಿಸಿ ಕಟ್ಟಿ, ಗಾಡಿ ಓಡುವಾಗ ವಾಲ್ವ್ ಮುಚ್ಚಿ. ಸೋಪಿನ ನೀರು ಸವರಿ ಜಾಯಿಂಟ್ ನೋಡುವುದನ್ನು ದಿನದ ಅಭ್ಯಾಸ ಮಾಡಿಕೊಳ್ಳಿ. ಚಳಿ ಅಂತ ಬಾಗಿಲು ಮುಚ್ಚಿ ಒಲೆ ಅಥವಾ ಕೆಂಡ ಇಟ್ಟುಕೊಂಡು ಮಲಗಲೇಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅದನ್ನು ಪತ್ತೆ ಮಾಡುವ ಪುಟ್ಟ ಅಲಾರಂ ಕೊಳ್ಳಿ. ಇದರಲ್ಲಿ ಜುಗ್ಗತನ ಬೇಡ. ರವೆ, ಶಾವಿಗೆಯನ್ನು ಮನೆಯಲ್ಲೇ ಹುರಿದು ಡಬ್ಬಿಗೆ ತುಂಬಿಕೊಂಡರೆ ಗ್ಯಾಸೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

ಕಾಗದ ಪತ್ರ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ರೂಪವನ್ನು ನಮ್ಮಿಷ್ಟಕ್ಕೆ ಬದಲಾಯಿಸುವಂತಿಲ್ಲ. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ. ಹಳದಿ ಬೋರ್ಡಿನ ಗಾಡಿಯಾದರೆ ಹೊರರಾಜ್ಯದ ಪರ್ಮಿಟ್ ನೋಡಿಕೊಳ್ಳಿ. ಗಾಡಿ ಓಡುವಾಗ ಕ್ಯಾಂಪರ್ ಒಳಗೆ ಯಾರೂ ಇರಬಾರದು. ಮಕ್ಕಳು ಎಷ್ಟು ಹಟ ಮಾಡಿದರೂ ಅವರ ಜಾಗ ಕ್ಯಾಬಿನ್‌ನಲ್ಲಿ, ಬೆಲ್ಟ್ ಹಾಕಿಕೊಂಡು.

ಎರಡು ರಾತ್ರಿ ಊರ ಹತ್ತಿರವೇ

ದೂರ ಹೋಗುವ ಮೊದಲು ಎರಡು ರಾತ್ರಿ ಹತ್ತಿರದಲ್ಲೇ ಮಲಗಿ ನೋಡಿ. ಸೋರುವ ಮೂಲೆ, ಕಿರುಗುಟ್ಟುವ ಕಪಾಟು, ಸಾಲದ ಹೊದಿಕೆ ಎಲ್ಲ ಆಗಲೇ ತಿಳಿಯುತ್ತದೆ. ಆದರೆ ಎಲ್ಲೆಂದರಲ್ಲಿ ನಿಲ್ಲಿಸಬೇಡಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆಗಳು ತೋಟದ ರಸ್ತೆಯಲ್ಲೇ ಓಡಾಡುತ್ತವೆ. ಹಲಸು, ಬಾಳೆಹಣ್ಣು, ಭತ್ತದ ವಾಸನೆಗೆ ಆನೆ ಬರುತ್ತದೆ, ತೆಳು ಗೋಡೆಯ ಕೋಣೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಪರಿಚಯದವರ ಅಂಗಳ, ಹೋಮ್‌ಸ್ಟೇ ಆವರಣ, ಜನ ಇರುವ ಪೆಟ್ರೋಲ್ ಬಂಕ್, ಇಂಥ ಕಡೆ ಕೇಳಿಕೊಂಡು ನಿಲ್ಲಿಸಿ. ನಮ್ಮ ಮೊದಲ ರಾತ್ರಿ ಕಳೆದದ್ದು ಬೇಲೂರಿನ ನೆಂಟರ ಕಣದಲ್ಲಿ. ಅರ್ಧರಾತ್ರಿ ಮಳೆ ಬಂದು ಮೇಲಿನ ಕಿಟಕಿ ಸೋರಿತು. ಹೊರಟ ಮೇಲೆ ಸೋರುವ ಬದಲು ಅಲ್ಲಿ ಸೋರಿದ್ದೇ ಒಳ್ಳೆಯದಾಯಿತು.

ಯಾವಾಗ ಹೊರಡಬೇಕು ಅನ್ನುವುದೂ ಮುಖ್ಯ. ತೋಟದವರಿಗೆ ಕಾಫಿ ಕೊಯ್ಲು ಮುಗಿದು ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬೀಳುವುದರೊಳಗೆ ಒಂದಷ್ಟು ದಿನ ಬಿಡುವು ಸಿಗುತ್ತದೆ. ಕಛ್‌ನಲ್ಲೂ ಆಗ ಬಿಸಿಲು ಇನ್ನೂ ಏರಿರುವುದಿಲ್ಲ. ಅಲ್ಲಿಯ ಬಿಳಿ ಉಪ್ಪಿನ ಬಯಲು ನೋಡಲು ಗಟ್ಟಿ ಅನಿಸುತ್ತದೆ, ಕೆಳಗೆ ಕೆಸರು ಇರುತ್ತದೆ. ಇಷ್ಟು ಭಾರದ ಗಾಡಿಯನ್ನು ರಸ್ತೆ ಬಿಟ್ಟು ಇಳಿಸಬೇಡಿ, ನಡೆದೇ ಹೋಗಿ. ವಾಪಸ್ ಬರುವಾಗ ಗಾಡಿಯ ಅಡಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಸಿ, ಉಪ್ಪು ಕಬ್ಬಿಣ ತಿನ್ನುತ್ತದೆ.

ಹೊರಡುವ ದಿನ ಬೆಳಗಿನ ಜಾವ ಗ್ಯಾಸ್ ವಾಲ್ವ್, ಮೇಲಿನ ಕಿಟಕಿ, ಹಿಂಬಾಗಿಲ ಚಿಲಕ ಮೂರನ್ನೂ ಕೈಯಿಂದ ಮುಟ್ಟಿ ನೋಡಿ. ಹಾಸನ ಬಿಟ್ಟು ಸುಮಾರು 40 ಕಿ.ಮೀ.ಗೆ ಅರಸೀಕೆರೆ ಬರುತ್ತದೆ. ಅಲ್ಲಿ ಟೀ ಹೇಳಿ, ಅದು ಬರುವಷ್ಟರಲ್ಲಿ ಗಾಡಿ ಒಂದು ಸುತ್ತು ಬನ್ನಿ. ಕುಲುಕಾಟಕ್ಕೆ ಕೋಣೆ ತನ್ನ ಜಾಗದಲ್ಲಿ ಕೂತಿರುತ್ತದೆ, ಟರ್ನ್‌ಬಕಲ್‌ಗಳು ಸ್ವಲ್ಪ ಸಡಿಲ ಆಗಿರುತ್ತವೆ. ನಾಲ್ಕನ್ನೂ ಅರ್ಧರ್ಧ ಸುತ್ತು ಬಿಗಿ ಮಾಡಿ ಮುಂದೆ ಹೊರಡಿ.