ಎಸರು ಹಾಕಿ ನಿಲ್ಲಿಸಿದ ಜೋಳದ ಬಿಸ್ಕೀಟು: ನನ್ನ ಅನುಭವ

ಬರೇ ಬಿಳಿಜೋಳದ ಹಿಟ್ಟು. ಮೈದಾ ಇಲ್ಲ, ಗೋಧಿ ಇಲ್ಲ, ಮೊಟ್ಟೆ ಇಲ್ಲ, ಹಿಟ್ಟಿಗೆ ಅಂಟು ಕೊಡುವ ಝಾಂಥನ್ ಗಮ್ ಪುಡಿ ಕೂಡ ಇಲ್ಲ. ಕೈಯಲ್ಲಿ ಹಿಡಿದರೆ ಮುರಿಯಬಾರದು, ಬಾಯಿಗೆ ಹೋದರೆ ಕರಗಬೇಕು. "ಜ್ವಾಳದಾಗ ಜಿಗಿ ಎಲ್ಲಿಂದ ತರ್ತೀರಿ, ಅದು ಆಗಂಗಿಲ್ಲ ಬಿಡ್ರಿ" ಎಂದು ಬೇಕರಿ ಭಟ್ಟಿಯವರೂ ಹೇಳಿದ್ದರು, ಕೇಕ್ ಕ್ಲಾಸು ನಡೆಸುವವರೂ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಕೆಲವರು ಈಗ ಹಬ್ಬಕ್ಕೆ ಅರ್ಧ ಕೆಜಿ, ಒಂದು ಕೆಜಿ ನನ್ನ ಕಡೆಯಿಂದಲೇ ಒಯ್ಯುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಅಳತೆಗಳು ನೆನಪಿನಿಂದ ಬರೆದವು, ಐದು ಹತ್ತು ಗ್ರಾಂ ಆಚೀಚೆ ಆದೀತು.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ತೆನೆಯ ಚಿತ್ರ ಹಾಕಿದ ಬಿಸ್ಕೀಟುಗಳು ಎಲ್ಲ ಅಂಗಡಿಗೂ ಬಂದವು. ಪ್ಯಾಕೆಟ್ ತಿರುಗಿಸಿ ಓದಿ. ಯಾವುದರ ತೂಕ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೊದಲಿರುವುದು ಮೈದಾ ಇಲ್ಲವೇ ಗೋಧಿ ಹಿಟ್ಟು. ಅರ್ಧ ಮೈದಾ ಬೆರೆಸಿದರೆ ಯಾರು ಮಾಡಿದರೂ ನಿಲ್ಲುತ್ತದೆ, ಅದರಲ್ಲಿ ಹೇಳುವಂಥದ್ದೇನಿಲ್ಲ.

ಮೈದಾ ಪೂರ್ತಿ ತೆಗೆದಾಗಲೇ ಪಂಚಾಯಿತಿ ಶುರು. ನಾನ್‌ಖಟಾಯಿ ಲೆಕ್ಕದಲ್ಲಿ, ಅಂದರೆ ಹಿಟ್ಟು ಎರಡು ಪಾಲು, ತುಪ್ಪ ಒಂದು, ಸಕ್ಕರೆ ಒಂದು, ಜೋಳದ ಹಿಟ್ಟು ಹಾಕಿದರೆ ಟ್ರೇಯಲ್ಲಿ ಚೆಂದ ಕಾಣುತ್ತದೆ. ಆರಿದ ಮೇಲೆ ಎತ್ತಲು ಹೋದರೆ ಬೆರಳಲ್ಲೇ ಉದುರುತ್ತದೆ. ಉದುರಿತೆಂದು ತುಪ್ಪ ಹೆಚ್ಚು ಹಾಕುವವರು ಬಹಳ ಜನ. ತುಪ್ಪ ಹಿಟ್ಟನ್ನು ಕೂಡಿಸುವುದಿಲ್ಲ, ಕಾಳುಕಾಳಾಗಿ ಬೇರೆ ಮಾಡುತ್ತದೆ. ಹಾಲು ಹೆಚ್ಚಿಸಿದರೆ ಕಲಸುವಾಗ ಉಂಡೆ ಬರುತ್ತದೆ, ಬೆಂದ ಮೇಲೆ ಹಲ್ಲಿಗೆ ಕೆಲಸ. ಅಗಸಿ ಪುಡಿ ನೆನೆಸಿ ಹಾಕಿದರೆ ಹಿಡಿಯುತ್ತದೆ, ಆದರೆ ಬಣ್ಣ ಕಂದು, ಬೇಸಿಗೆಯಲ್ಲಿ ಎರಡು ವಾರದೊಳಗೆ ಕಮಟು ವಾಸನೆ. ಝಾಂಥನ್ ಗಮ್ ಕಾಲು ಚಮಚ ಸಾಕು, ನಿಲ್ಲುತ್ತದೆ, ಆದರೆ ನಾಲಿಗೆ ಮೇಲೆ ಲೋಳೆ ಉಳಿಯುತ್ತದೆ. ನೂರು ಗ್ರಾಂ ಗಮ್ಮಿಗೆ ಕೊಡುವ ದುಡ್ಡಿನಲ್ಲಿ ಎರಡು ಕೆಜಿಗಿಂತ ಹೆಚ್ಚು ಜೋಳ ಬರುತ್ತದೆ. ಇವೆಲ್ಲ ಪ್ರಯೋಗಗಳಲ್ಲಿ ಸುಮಾರು ಆರೇಳು ಸಾವಿರ ರೂಪಾಯಿಯ ಬೆಣ್ಣೆ, ತುಪ್ಪ ಹೋಯಿತು.

ಉತ್ತರ ರೊಟ್ಟಿಯಲ್ಲೇ ಇತ್ತು. ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ಬಡಿದರೆ ರೊಟ್ಟಿ ಹರಿಯುತ್ತದೆ, ಎಸರು, ಅಂದರೆ ಕುದಿಯುವ ನೀರು, ಹಾಕಿ ನಾದಿದರೆ ತಟ್ಟಿದಷ್ಟೂ ಅಗಲವಾಗುತ್ತದೆ. ಕುದಿಯುವ ನೀರಿಗೆ ಪಿಷ್ಟ ಉಬ್ಬಿ ಅಂಟಾಗುತ್ತದೆ, ಅಷ್ಟೇ. ಬಿಸ್ಕೀಟಿಗೆ ನೀರೇ ಶತ್ರು ಎಂದು ಎಲ್ಲರೂ ಕಲಿತಿರುವುದರಿಂದ ಎಸರಿನ ಕಡೆ ಯಾರೂ ಹೋಗುವುದಿಲ್ಲ. ಆದರೆ ಹಿಟ್ಟಿಗೆಲ್ಲ ಎಸರು ಹಾಕಬೇಕಾಗಿಲ್ಲ, ಹತ್ತನೇ ಒಂದು ಪಾಲಿಗೆ ಹಾಕಿದರೆ ಸಾಕು.

ಒಂದು ಸಲಕ್ಕೆ ಒಟ್ಟು 300 ಗ್ರಾಂ ಹಿಟ್ಟು. ಅದರಲ್ಲಿ 30 ಗ್ರಾಂ ಬೇರೆ ತೆಗೆದಿಡಿ. ಇಲ್ಲಿ ಎಸರು ಎಂದರೆ ನೀರಲ್ಲ, ಹಾಲು. 70 ಮಿಲಿ ಹಾಲು ಉಕ್ಕುವಾಗ ಉರಿ ಸಣ್ಣ ಮಾಡಿ, ಆ 30 ಗ್ರಾಂ ಹಿಟ್ಟನ್ನು ಒಮ್ಮೆಲೇ ಸುರಿದು ಕಟ್ಟಿಗೆ ಸೌಟಿನಿಂದ ಜೋರಾಗಿ ತಿರುವಿ. ತಳ ಬಿಟ್ಟು ಒಂದೇ ಮುದ್ದೆ ಆಗಬೇಕು. ಒಲೆ ಆರಿಸಿ, ಮುಚ್ಚಿ, ಪೂರ್ತಿ ತಣ್ಣಗಾಗಲು ಬಿಡಿ. ಮುಚ್ಚದಿದ್ದರೆ ಮೇಲೆ ಕೆನೆಗಟ್ಟಿ, ಆ ತುಣುಕುಗಳು ಬಿಸ್ಕೀಟಿನಲ್ಲಿ ಹರಳಾಗಿ ಸಿಗುತ್ತವೆ. ಉಗುರುಬೆಚ್ಚಗಿದ್ದಾಗಲೇ ಬೆರೆಸುವ ಅವಸರ ಬೇಡ, ಬೆಣ್ಣೆ ಕರಗಿ ಎಲ್ಲ ಹಾಳು. ತಣಿದ ಮುದ್ದೆಯನ್ನು ಜರಡಿಯಲ್ಲಿ ತಿಕ್ಕಿ ಇಳಿಸಿದರೆ ಗಂಟು ಇರುವುದಿಲ್ಲ. ಎಸರಿಗೆ ಹಾಲಿನ ಜೊತೆ ನಾನು ಇನ್ನೊಂದು ಸಾಮಾನು ಹಾಕುತ್ತೇನೆ. ಅದು ನನ್ನಲ್ಲೇ ಇರಲಿ. ಇಲ್ಲದೆಯೂ ಬಿಸ್ಕೀಟು ಬರುತ್ತದೆ.

ಉಳಿದದ್ದು ನಿಮಗೆಲ್ಲ ಗೊತ್ತಿದ್ದದ್ದೇ: ತುಪ್ಪ 100 ಗ್ರಾಂ, ಬೆಣ್ಣೆ 70 ಗ್ರಾಂ, ಪುಡಿ ಸಕ್ಕರೆ 130, ಹಾಲಿನ ಪುಡಿ 20, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಏಲಕ್ಕಿ. ಉಪ್ಪಿನ ಬೆಣ್ಣೆ ಆದರೆ ಮತ್ತೆ ಉಪ್ಪು ಬೇಡ. ತುಪ್ಪ, ಬೆಣ್ಣೆ, ಸಕ್ಕರೆ ಬಿಳಿಯಾಗುವ ತನಕ ತಿಕ್ಕಿ, ಎಸರಿನ ಮುದ್ದೆ ಸೇರಿಸಿ ಒಂದಾಗುವ ತನಕ ಮತ್ತೆ ತಿಕ್ಕಿ, ಹಿಟ್ಟು ಕೊನೆಗೆ. ಅಡುಗೆ ಸೋಡಾ ಹಾಕಬೇಡಿ. ಮೈದಾದಲ್ಲಿ ಗೊತ್ತಾಗದ ಸೋಡಾ ಜೋಳದಲ್ಲಿ ಸಾಬೂನಿನ ರುಚಿ ಕೊಡುತ್ತದೆ, ಬಣ್ಣವೂ ಹಳದಿಗೆ ತಿರುಗುತ್ತದೆ.

ಕಲಸಿದ ಮೇಲೆ ಕನಿಷ್ಠ 40 ನಿಮಿಷ ಫ್ರಿಜ್‌ನಲ್ಲಿಡಿ, ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು. ಜೋಳದ ಹಿಟ್ಟು ತೇವ ನಿಧಾನಕ್ಕೆ ಹೀರುತ್ತದೆ, ಇಡದೆ ಬೇಯಿಸಿದರೆ ರವೆ ರವೆ. ಆಮೇಲೆ 16 ಗ್ರಾಂ ಉಂಡೆ ಮಾಡಿ ಅಂಗೈಯಲ್ಲಿ ಒತ್ತಿ ನೋಡಿ. ಅಂಚು ಸುತ್ತಲೂ ಬಿರಿದರೆ ಎಸರು ಕಡಿಮೆಯಾಗಿದೆ. ಬಿರಿಯದೆ ರಬ್ಬರಿನಂತೆ ಹಿಂದಕ್ಕೆ ಬಂದರೆ ಹೆಚ್ಚಾಗಿದೆ. ಒಂದೆರಡು ಕಡೆ ಕೂದಲೆಳೆ ಬಿರುಕು ಇದ್ದರೆ ಸರಿ. ಎಸರಿಗೆ ಹಾಕಿದ ಹಿಟ್ಟಿನ ಪಾಲು ನೂರಕ್ಕೆ 5 ಇದ್ದಾಗ ಅಂಚು ಉದುರುತ್ತದೆ, 15 ಆದಾಗ ಗಟ್ಟಿ, 20 ಆದರೆ ಸಿಹಿ ರೊಟ್ಟಿ.

ಹಿಟ್ಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಅರ್ಧ ಸೋಲು ಬರುವುದು ಅಲ್ಲಿಂದಲೇ. ಹಿಂಗಾರಿ ಬೆಳೆಯ ಮಾಲದಂಡಿ ತಳಿಯ ಜೋಳವೇ ಬೇಕು. ಮುಂಗಾರಿ ಹೈಬ್ರಿಡ್ ಕಾಳು ಕೊಯ್ಲಿಗೆ ಮಳೆ ಸಿಕ್ಕಿ ಮುಗ್ಗು ಹಿಡಿದಿದ್ದರೆ ಎಷ್ಟು ಏಲಕ್ಕಿ ಹಾಕಿದರೂ ವಾಸನೆ ಹೋಗುವುದಿಲ್ಲ. ಗಿರಣಿಯಲ್ಲಿ ರೊಟ್ಟಿಗಿಂತ ಒಂದು ಸುತ್ತು ಸಣ್ಣಗೆ ಬೀಸಿಸಿ, ಅರಿವೆಯಲ್ಲಿ ಸಾಣಿಸಿ. ಬೀಸಿಸಿ ಹದಿನೈದು ದಿನ ದಾಟಿದ ಹಿಟ್ಟಿಗೆ ಜಿಗಿಯೂ ಕಡಿಮೆ, ಕಹಿಯೂ ಬರುತ್ತದೆ. ಬೇಸಿಗೆಯಲ್ಲಿ ವಾರವೇ ಹೆಚ್ಚು. ಇನ್ನೊಂದು ಮಾತು: ನಮ್ಮ ಗಿರಣಿಗಳಲ್ಲಿ ಒಂದೇ ಕಲ್ಲಿಗೆ ಗೋಧಿಯೂ ಬೀಳುತ್ತದೆ. ಹಾಗಾಗಿ ಲೇಬಲ್ ಮೇಲೆ "ಗ್ಲುಟೆನ್ ಇಲ್ಲ" ಎಂದು ನಾನು ಬರೆಸುವುದಿಲ್ಲ, "ಮೈದಾ ಹಾಕಿಲ್ಲ" ಎಂದಷ್ಟೇ. ಗೋಧಿ ಆಗದ ಮಕ್ಕಳಿರುವ ಮನೆಯವರು ಕೇಳಿದರೆ ಕೊಡಲಿಕ್ಕೆ ಆಗುವುದಿಲ್ಲ ಎಂದೇ ಹೇಳಬೇಕು.

ಎಸರಿಗೆ ಹಸಿ ಹಿಟ್ಟು, ಉಳಿದ 270 ಗ್ರಾಂ ಹುರಿದ ಹಿಟ್ಟು. ಸಣ್ಣ ಉರಿಯಲ್ಲಿ ಆರೇಳು ನಿಮಿಷ, ಹಸಿ ವಾಸನೆ ಹೋಗುವಷ್ಟೇ. ಬಣ್ಣ ಬದಲಾಗುವ ತನಕ ಹುರಿದರೆ ಹಿಟ್ಟು ಒಣಗಿ ಎಸರೆಲ್ಲ ತಾನೇ ಕುಡಿದು ಮತ್ತೆ ಉದುರಲು ಶುರು.

ಇನ್ನು ಬಿಸಿಲಿನ ಮಾತು. ಬೆಂಗಳೂರಿನವರ ಅಳತೆ ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನಡೆಯುವುದಿಲ್ಲ. ಹೊರಗೆ 42, 43 ಡಿಗ್ರಿ, ಅಡುಗೆಮನೆ 36ಕ್ಕೆ ಕಡಿಮೆ ಇಲ್ಲ. ಬೆಣ್ಣೆ ಕರಗುವುದೇ 32–35 ಡಿಗ್ರಿಗೆ. "ರೂಮ್ ಟೆಂಪರೇಚರ್ ಬೆಣ್ಣೆ" ಎಂದರೆ ನಮ್ಮಲ್ಲಿ ಎಣ್ಣೆ. ಅದನ್ನು ಎಷ್ಟು ತಿಕ್ಕಿದರೂ ಗಾಳಿ ಹಿಡಿಯುವುದಿಲ್ಲ, ಒಲೆಗೆ ಹೋದ ಎರಡೇ ನಿಮಿಷಕ್ಕೆ ಬಿಸ್ಕೀಟು ಹರಡಿ ಒಂದಕ್ಕೊಂದು ಅಂಟುತ್ತದೆ. ಬೆಳಗಿನ ಐದು ಗಂಟೆಗೆ ಕಲಸಿ. ಸಕ್ಕರೆ, ಹಿಟ್ಟು, ಸ್ಟೀಲ್ ಬುಟ್ಟಿ ಮೂರನ್ನೂ ರಾತ್ರಿಯೇ ಫ್ರಿಜ್‌ನಲ್ಲಿಡಿ. ಒತ್ತಿದ ಬಿಸ್ಕೀಟನ್ನು ತಟ್ಟೆಯ ಸಮೇತ ಫ್ರೀಜರ್‌ನಲ್ಲಿ 15 ನಿಮಿಷ ಇಟ್ಟು, ನೇರವಾಗಿ ಕಾದ ಒವನ್‌ಗೆ. ತುಪ್ಪದ ಪಾಲು ಹೆಚ್ಚಿಟ್ಟದ್ದೂ ಇದಕ್ಕೇ: ಬೆಣ್ಣೆಯಲ್ಲಿ ನೂರಕ್ಕೆ ಹದಿನೈದರಷ್ಟು ನೀರಿರುತ್ತದೆ, ಎಸರಿನ ನೀರು ಮೊದಲೇ ಇದೆ, ಎರಡೂ ಸೇರಬಾರದು.

ಒವನ್ 30 ಲೀಟರಿನ ಓಟಿಜಿ (ಮನೆಬಳಕೆಯ ಕರೆಂಟ್ ಒವನ್), 1600 ವ್ಯಾಟ್ ಆಸುಪಾಸು. ತಿರುಗಿಸುವ ಗುಂಡಿಯ ಮೇಲಿನ ಅಂಕಿ ನಂಬಬೇಡಿ. 180ಕ್ಕೆ ಇಟ್ಟರೆ ಒಳಗೆ 160ರಿಂದ 200ರ ತನಕ ಜೋಕಾಲಿ ಆಡುತ್ತದೆ. ನಾನೂರು ರೂಪಾಯಿಯ ಒವನ್ ಥರ್ಮಾಮೀಟರ್ ತಂದ ಮೇಲೆಯೇ ಲೆಕ್ಕ ಸರಿಹೋಯಿತು. ಈ ಬಿಸ್ಕೀಟಿಗೆ ಒಳಗೆ 155 ಇರಬೇಕು, ನಡುವಿನ ಹಂತ, ಎರಡೂ ರಾಡ್, 22–25 ನಿಮಿಷ. ಹೊರಗೆ ತೆಗೆದಾಗ ಬಣ್ಣ ಬಿಳಿಯಾಗಿಯೇ ಇರುತ್ತದೆ, ತಳ ಮಾತ್ರ ತುಸು ಕೆಂಪು. ಮೇಲೂ ಕೆಂಪಾಗುವ ತನಕ ಕಾದರೆ ಕಹಿ. ಎಲ್ಲ ಟ್ರೇ ಬೆಂದ ಮೇಲೆ ಎಲ್ಲವನ್ನೂ ಜಾಲರಿ ಮೇಲೆ ಹರಡಿ, 100 ಡಿಗ್ರಿಗೆ, ಬಾಗಿಲಿಗೆ ಸೌಟು ಸಿಕ್ಕಿಸಿ ಸ್ವಲ್ಪ ತೆರೆದಿಟ್ಟು, 12 ನಿಮಿಷ ಒಣಗಿಸಿ. ಎಸರಿನ ತೇವ ಹೋಗುವುದು ಇಲ್ಲಿ. ಇದನ್ನು ಬಿಟ್ಟರೆ ಮೊದಲ ದಿನ ಗರಿಗರಿ, ಮೂರನೇ ದಿನ ಮೆತ್ತಗೆ.

ಕರೆಂಟ್ ಹೋಗುವುದು ಇದ್ದದ್ದೇ, ಮನೆಯ ಇನ್ವರ್ಟರ್ ಓಟಿಜಿ ಎಳೆಯುವುದಿಲ್ಲ. ಬೇಯಲು ಇಟ್ಟು 15 ನಿಮಿಷ ದಾಟಿದ್ದರೆ ಬಾಗಿಲು ತೆರೆಯದೆ ಬಿಡಿ, ಒಳಗಿನ ಕಾವಿಗೇ ಬೇಯುತ್ತದೆ. ಮೊದಲ ಎಂಟು ನಿಮಿಷದೊಳಗೆ ಹೋದರೆ ತುಪ್ಪ ಇಳಿದು ಚಪ್ಪಟೆ. ಆ ಟ್ರೇ ಮಾರಲಿಕ್ಕಲ್ಲ. ಕುಕ್ಕರ್‌ನಲ್ಲಿ ಉಪ್ಪು ಹಾಕಿ ಗ್ಯಾಸ್ ಮೇಲೂ ನೋಡಿದ್ದೇನೆ. ಅಡಿ ಎರಡು ತಟ್ಟೆ ಇಟ್ಟರೆ ತಳ ಸುಡುವುದಿಲ್ಲ, ಆದರೆ ಸಲಕ್ಕೆ ಏಳೆಂಟು ಬಿಸ್ಕೀಟು. ಮನೆಗೆ ಸರಿ, ವ್ಯಾಪಾರಕ್ಕಲ್ಲ.

ದುಡ್ಡಿನ ಲೆಕ್ಕ. ಮೇಲಿನ ಅಳತೆಗೆ ಒಣಗಿದ ಮೇಲೆ 600 ಗ್ರಾಂ ಸಿಗುತ್ತದೆ, ನಲವತ್ತರ ಮೇಲೆ ಒಂದೆರಡು ಬಿಸ್ಕೀಟು. ಕೆಜಿ ಲೆಕ್ಕದಲ್ಲಿ ತುಪ್ಪ, ಬೆಣ್ಣೆ 175 ರೂಪಾಯಿ, ಜೋಳ ಬೀಸಿಸುವುದೂ ಸೇರಿ 30, ಸಕ್ಕರೆ, ಹಾಲು, ಹಾಲಿನ ಪುಡಿ 30, ಪೌಚು, ಲೇಬಲ್ 40 ಹತ್ತಿರ, ಕರೆಂಟ್ 15. ಒಟ್ಟು 290–300. ಕರೆಂಟ್ ವಿಷಯದಲ್ಲಿ ಎಚ್ಚರ: ಗೃಹಜ್ಯೋತಿಯಲ್ಲಿ ನಿಮ್ಮ ಹಳೆಯ ಸರಾಸರಿ, ಅದರ ಮೇಲೆ ಸ್ವಲ್ಪ, ಅಷ್ಟು ಮಾತ್ರ ಉಚಿತ. ಮೀರಿದ ಯೂನಿಟ್‌ಗೆ ಬಿಲ್ಲು, 200 ದಾಟಿದರೆ ಪೂರ್ತಿ ಬಿಲ್ಲು. ದೀಪಾವಳಿ ತಿಂಗಳಲ್ಲಿ ಇದು ಖಂಡಿತ ಕಚ್ಚುತ್ತದೆ. ಆಹಾರ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು, ದೊಡ್ಡ ಖರ್ಚಲ್ಲ.

ಮಾರುವುದು ಕೆಜಿಗೆ 560ಕ್ಕೆ. "ಬೇಕರಿಯಾಗ ಇದರ ಅರ್ಧಕ್ಕ ಸಿಗ್ತಾದಲ್ರಿ" ಎನ್ನುವವರಿಗೆ ವಾದ ಬೇಡ, ಎರಡು ಬಿಸ್ಕೀಟು ಕೈಗೆ ಕೊಡಿ. ಅಂಗಡಿಗೆ ಕೊಟ್ಟರೆ ನಾಲ್ಕರಲ್ಲಿ ಒಂದು ಪಾಲು ಅವರಿಗೆ, ನಮಗೆ 420. ಮುರಿದ ಪ್ಯಾಕೆಟ್ ವಾಪಸು, ದುಡ್ಡು ತಿಂಗಳ ನಂತರ. ಕೆಜಿಗೆ ಉಳಿಯುವ ನೂರಿಪ್ಪತ್ತರಲ್ಲಿ ಮೂರು ತಾಸಿನ ಕೂಲಿಯೂ ಹುಟ್ಟುವುದಿಲ್ಲ. ಅಂಗಡಿ ಬಿಟ್ಟು ಮನೆಮನೆ ಆರ್ಡರ್ ಹಿಡಿದ ಮೇಲೆಯೇ ಒವನ್ನಿನ ದುಡ್ಡು ವಾಪಸು ಬಂದದ್ದು. ಮುರಿದದ್ದನ್ನು ಬಿಸಾಡಬೇಡಿ. ಪುಡಿ ಮಾಡಿ, ಶೇಂಗಾ ಪುಡಿ, ಬೆಲ್ಲ, ತುಸು ತುಪ್ಪ ಬೆರೆಸಿ ಉಂಡಿ ಕಟ್ಟಿದರೆ ಬಿಸ್ಕೀಟಿಗಿಂತ ಬೇಗ ಖಾಲಿ.

ಇದರ ನಡುವೆ ಅಡ್ಡದಾರಿಗಳೂ ಬಹಳ. ಬೆಲ್ಲ ಹಾಕಿದರೆ ರುಚಿ ಏರುತ್ತದೆ, ಆದರೆ ಬೆಲ್ಲ ತೇವ ಹಿಡಿಯುತ್ತದೆ, ಮಳೆಗಾಲದಲ್ಲಿ ನಾಲ್ಕು ದಿನ ತಡೆಯುವುದಿಲ್ಲ. ಸಕ್ಕರೆಯ ಮೂರನೇ ಒಂದು ಪಾಲು ಮಾತ್ರ ಬೆಲ್ಲದ ಪುಡಿ ಮಾಡಿ, ಎಸರು ಎರಡು ಚಮಚ ಇಳಿಸಿದರೆ ನಡೆಯುತ್ತದೆ. ಬೀದರ್ ಕಡೆಯ ಹಸಿಶುಂಠಿ ತುರಿದು ಹಾಕಿದ್ದು ಕೆಟ್ಟಿತು, ಅದರ ರಸಕ್ಕೆ ಬಿಸ್ಕೀಟಿನ ನಡುಭಾಗ ಒದ್ದೆ ಉಳಿಯುತ್ತದೆ. ಒಣಶುಂಠಿ ಪುಡಿ ಒಂದು ಚಮಚ ಸಾಕು.

ಖಾರದ ಬಿಸ್ಕೀಟು ಮಾತ್ರ ನಿರೀಕ್ಷೆ ಮೀರಿ ಬಂತು. 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಮಾನ್ಯತೆ) ಸಿಕ್ಕ ನಮ್ಮ ಕಲಬುರಗಿ ತೊಗರಿ ಬೇಳೆಯನ್ನು ಕೆಂಪಗೆ ಹುರಿದು ಬೀಸಿ, 270 ಗ್ರಾಂ ಹುರಿದ ಹಿಟ್ಟಿನಲ್ಲಿ 40 ಗ್ರಾಂ ಅದನ್ನೇ ಹಾಕಿ. ಹುರಿಯದಿದ್ದರೆ ಹಸಿ ಬೇಳೆಯ ವಾಸನೆ. ಸಕ್ಕರೆ 20 ಗ್ರಾಂ ಸಾಕು, ಜೀರಿಗೆ, ಅಜಿವಾನ, ಮೆಣಸು, ಕೈಯಲ್ಲಿ ತಿಕ್ಕಿದ ಒಣ ಕರಿಬೇವು. ಬೇಳೆ ಹಿಟ್ಟು ಬೇಗ ಕೆಂಪಾಗುತ್ತದೆ, ಹಾಗಾಗಿ 145 ಡಿಗ್ರಿ, ನಿಮಿಷ ನಾಲ್ಕು ಹೆಚ್ಚು. ಸಕ್ಕರೆ ಕಡಿಮೆ ಆದಷ್ಟೂ ಗರಿ ಕಡಿಮೆ ಆಗುತ್ತದೆ, ಅದಕ್ಕೆ ಇಲ್ಲಿ ಒಂದು ಉಪಾಯ ಮಾಡಬೇಕು. ನಾನು ಮಾಡುವುದು ಹೇಳುವುದಿಲ್ಲ, ಅಕ್ಕಿ ಹಿಟ್ಟು 25 ಗ್ರಾಂ ಬೆರೆಸಿದರೂ ಹತ್ತಿರ ಹತ್ತಿರ ಬರುತ್ತದೆ.